ಘಮಣ್ಣನ ಮಿಶ್ರಣ

ಘಮಣ್ಣನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ರಿಪೇರಿಯಂತೂ ದೂರದ ಮಾತು. ಬಾನೆಟ್ ಎತ್ತಿದರೆ ಒಳಗಿರುವುದರಲ್ಲಿ ಬ್ಯಾಟರಿಯೊಂದನ್ನು ಬಿಟ್ಟು ಬೇರೇನನ್ನೂ ಅವನು ಗುರುತು ಹಿಡಿಯಲಾರ. ಇಷ್ಟಾದರೂ ಅಕ್ಕನ ರೇಸ್ ಕಾರು ಓಡುತ್ತಿರುವುದು ತನ್ನ ದೆಸೆಯಿಂದಲೇ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಯಾಕೆಂದರೆ ಆ ಕಾರು ಕುಡಿಯುವ ಪೆಟ್ರೋಲನ್ನು ಆರಿಸುವವನು, ಬೆರೆಸುವವನು, ಮೂಸಿ ನೋಡಿ ಒಪ್ಪಿಗೆ ಕೊಡುವವನು ಅವನೇ.

ಮೂಸುವುದೆಂದರೆ ನೀವು ಹಗುರವಾಗಿ ತಿಳಿಯಬಾರದು. ಅದು ಅವನ ಉದ್ಯೋಗವೇ ಆಗಿತ್ತು. ಸೋಪು ಕಾರ್ಖಾನೆಯಲ್ಲಿ ಒಂದೊಂದು ಹಂಡೆಯ ಸೋಪೂ ಅಚ್ಚಿಗೆ ಹೋಗುವ ಮೊದಲು ಅವನ ಮೂಗಿನ ಮುಂದೆ ಹಾದುಹೋಗಬೇಕಿತ್ತು. ಘಮಣ್ಣ ಕಣ್ಣು ಮುಚ್ಚಿ, ಕತ್ತನ್ನು ತುಸು ಹಿಂದಕ್ಕೆ ಒಗೆದು, ಸುತ್ತ ನಿಂತವರ ಉಸಿರು ನಿಲ್ಲುವಷ್ಟು ಹೊತ್ತು ಸುಮ್ಮನಿದ್ದು, "ಗುಲಾಬಿ ಯಾಕೋ ಸಪ್ಪಗೆ ಕೂತಿದೆ" ಎನ್ನುತ್ತಿದ್ದ. ಯಾರಿಗೂ ಅರ್ಥವಾಗುತ್ತಿರಲಿಲ್ಲ, ಎಲ್ಲರೂ ತಲೆಯಾಡಿಸುತ್ತಿದ್ದರು. ಘಮಣ್ಣ ಎಂಬ ಹೆಸರು ಅಲ್ಲಿ ಬಿದ್ದದ್ದು. ಇಟ್ಟವರು ಗೇಲಿಗೆ ಇಟ್ಟರು, ಇವನು ಬಿರುದು ಎಂದುಕೊಂಡ.

ಆಮೇಲೊಂದು ದಿನ ಕಾರ್ಖಾನೆಗೆ ವಾಸನೆ ಅಳೆಯುವ, ಬೀರುವಿನಷ್ಟು ದೊಡ್ಡ ಯಂತ್ರ ಬಂತು. ಅದು ಕಣ್ಣು ಮುಚ್ಚುತ್ತಿರಲಿಲ್ಲ, ಕತ್ತು ಒಗೆಯುತ್ತಿರಲಿಲ್ಲ. ಸೋಪಿನ ಚೂರು ಹಾಕಿದರೆ ಒಂದು ಚೀಟಿ ಉಗುಳುತ್ತಿತ್ತು, ಕಥೆ ಮುಗಿಯಿತು. ಘಮಣ್ಣನನ್ನು ರಟ್ಟಿನ ಡಬ್ಬಗಳ ವಿಭಾಗಕ್ಕೆ ಕಳಿಸಿದರು. ಅಲ್ಲಿಯೂ ಅವನು ಕೈಕಟ್ಟಿ ಕೂರಲಿಲ್ಲ. ಬಂದ ರಟ್ಟನ್ನೆಲ್ಲ ಮೂಸಿ, "ಈ ಲೋಡು ಒದ್ದೆ ಗೋಡೌನಲ್ಲಿ ಇಟ್ಟಿದ್ದು, ವಾಪಸ್ ಕಳಿಸಿ" ಎಂದು ಅಪ್ಪಣೆ ಕೊಡಿಸತೊಡಗಿದ. ಕೊನೆಗೆ ಮೇಲ್ವಿಚಾರಕ, "ಎಣಿಸಿ ಸಾಕು, ಮೂಸೋಕೆ ಹೋಗ್ಬೇಡಿ" ಎಂದುಬಿಟ್ಟ. ಆ ಸಂಜೆ ಘಮಣ್ಣ ಊಟಕ್ಕೂ ಏಳಲಿಲ್ಲ. ಜಂಭದ ಮನುಷ್ಯನೇ ಹೌದು, ಆದರೆ ಜಂಭದವರಿಗೂ ನೋಯುವ ಮನಸ್ಸೊಂದು ಇರುತ್ತದೆ. ತನ್ನ ಮೂಗಿಗೆ ಇನ್ನು ಈ ಲೋಕದಲ್ಲಿ ಕೆಲಸವಿಲ್ಲ ಎಂಬುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಅದೇ ಹೊತ್ತಿಗೆ ಸರಿಯಾಗಿ ಅಕ್ಕ ರೇಸಿಗಿಳಿದಳು. ಅಕ್ಕ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ವಾರವೆಲ್ಲ ಯಾರೋ ಬೆವರುತ್ತ ಸ್ಟೀರಿಂಗ್ ಹಿಡಿದಿರುವಾಗ ಪಕ್ಕದಲ್ಲಿ ಕೂತು, ಎರಡನೇ ಗೇರಿನಲ್ಲಿ ಬೀದಿ ಬೀದಿ ತೆವಳಿ, "ಕ್ಲಚ್ಚು... ಕ್ಲಚ್ಚು... ಅಯ್ಯೋ ಕ್ಲಚ್ಚು ಅಂದೆನಲ್ಲಾ!" ಎಂದು ಗಂಟಲು ಹರಿದುಕೊಳ್ಳುವ ಹೆಂಗಸಿಗೆ ಭಾನುವಾರ ಹುಚ್ಚು ಹಿಡಿಯದಿದ್ದರೆ ಅದೇ ಆಶ್ಚರ್ಯ. ಊರಾಚೆ ವಿಮಾನಗಳು ಬರುವುದನ್ನು ಬಿಟ್ಟ ಹಳೆಯ ರನ್‌ವೇಯೊಂದಿತ್ತು. ಅಲ್ಲಿ ಹವ್ಯಾಸಿಗಳ ಸಂಘವೊಂದು ಸವೆದ ಟೈರುಗಳನ್ನು ಸಾಲಾಗಿ ಜೋಡಿಸಿ ರೇಸು ನಡೆಸುತ್ತಿತ್ತು. ಗ್ಯಾರೇಜು ಇಟ್ಟಿದ್ದ ಭಾವ ಯಾರೋ ಕೈಬಿಟ್ಟ ಪುಟ್ಟ ಕಾರೊಂದನ್ನು ತಂದು, ಹಿಂದಿನ ಸೀಟು, ರೇಡಿಯೋ, ಬಾಗಿಲಿನ ಒಳಹೊದಿಕೆ ಎಲ್ಲ ಕಿತ್ತು, ಉರುಳಿದರೂ ಪೆಟ್ಟಾಗದಿರಲೆಂದು ಒಳಗೆ ಕಬ್ಬಿಣದ ಪೈಪಿನ ಪಂಜರ ಬೆಸೆದು ಹೆಂಡತಿಯ ಕೈಗೆ ಕೊಟ್ಟ.

ಓಡಿಸುವವಳು ಅಕ್ಕ, ಬಿಚ್ಚಿ ಕಟ್ಟುವವನು ಭಾವ. ಉಳಿದದ್ದು ಪೆಟ್ರೋಲು. ಘಮಣ್ಣ ಅದರಲ್ಲಿ ಮೂಗು ತೂರಿಸಿದ.

ಊರಿನ ಬಂಕುಗಳನ್ನೆಲ್ಲ ಸುತ್ತಿದ. ಒಂದು ಕಡೆಯ ಪೆಟ್ರೋಲು "ನೀರು ನೀರು", ಇನ್ನೊಂದು ಕಡೆಯದು "ಹುಳಿ ಹುಳಿ". ಪೈಪಿನ ಬಾಯಿಗೇ ಮೂಗು ಹಿಡಿಯುವ ಇವನನ್ನು ಕಂಡರೆ ಬಂಕಿನವರು ದೂರದಿಂದಲೇ ಕೈ ಆಡಿಸಿ ಓಡಿಸುತ್ತಿದ್ದರು. ಕೊನೆಗೆ, ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲು ಅವನ ಮನಸ್ಸಿಗೆ ಬಂತು.

"ಅದು ಬೇಡ," ಎಂದ ಭಾವ. "ಆಕ್ಟೇನ್ ಜಾಸ್ತಿ ಅಂದ್ರೆ ಶಕ್ತಿ ಜಾಸ್ತಿ ಅಂತಲ್ಲ. ಇಂಜಿನ್ ಒಳಗೆ ಒತ್ತಡ ಹೆಚ್ಚಿದ್ರೆ ಪೆಟ್ರೋಲು ಟೈಮಿಗೆ ಮುಂಚೆ ಹೊತ್ಕೊಂಡು ಬಡಿಯುತ್ತೆ. ಹಾಗಾಗದೆ ಇರ್ಲಿ ಅಂತ ಅದನ್ನ ಹಾಕೋದು. ನಮ್ಮದು ಹಳೇ ಇಂಜಿನ್ನು, ಒತ್ತಡ ಕಮ್ಮಿ. ಇದಕ್ಕೆ ಸಾದಾ ಪೆಟ್ರೋಲೇ ಸರಿ. ಸಂಘದ ನಿಯಮಾನೂ ಅದೇ, ಬಂಕಿನ ಸಾದಾ ಪೆಟ್ರೋಲು ಬಿಟ್ಟು ಇನ್ನೇನೂ ಹಾಕೋ ಹಾಗಿಲ್ಲ."

"ನೀವು ಇಂಜಿನ್ ನೋಡ್ತೀರಿ ಭಾವ," ಎಂದ ಘಮಣ್ಣ ಕರುಣೆಯಿಂದ. "ನಾನು ಸ್ವಭಾವ ನೋಡ್ತೀನಿ. ಇನ್ನು ನಿಯಮ... ಅದೆಲ್ಲ ಮೂಗಿಲ್ಲದವರಿಗೆ."

ಭಾವ ಬಹಳ ಒಳ್ಳೆಯ ಮನುಷ್ಯ. ಅಂದರೆ, ಹೆಂಡತಿಯ ತಮ್ಮನಿಗೆ ಇಲ್ಲ ಎನ್ನಲಾರದ ಪುಕ್ಕಲ. ಹೂಂ ಎಂದ.

ಘಮಣ್ಣ ಮನೆಯ ಹಿತ್ತಿಲಲ್ಲಿ ನೀಲಿ ಕ್ಯಾನೊಂದನ್ನು ಇಟ್ಟುಕೊಂಡು ಕೂತ. ದುಬಾರಿ ಪೆಟ್ರೋಲು, ಅದಕ್ಕೆ ಸ್ಪಿರಿಟ್ಟು, ಉಗುರುಬಣ್ಣ ಅಳಿಸುವ ದ್ರಾವಣ, ಮೇಲೆ ಬೀರುವಿನಲ್ಲಿ ಬಟ್ಟೆಯ ನಡುವೆ ಇಡುವ ನುಸಿಗುಳಿಗೆ. ಗುಳಿಗೆ ಕರಗುವ ತನಕ ಮರದ ಸೌಟಿನಿಂದ ತಿರುವಿದ. ಹೆಂಡತಿ ಆ ಸೌಟನ್ನು ಅಡುಗೆಮನೆಗೆ ಸೇರಿಸಲಿಲ್ಲ, ಅವನನ್ನೂ ಸ್ನಾನವಾಗುವ ತನಕ ಒಳಗೆ ಬಿಡಲಿಲ್ಲ. "ಒಲೆ ಹಚ್ಚೋಕೂ ಭಯ ಆಗುತ್ತೆ ಈ ಮನೇಲಿ," ಎಂದಳು. ಅವನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿಸಿತು.

ಮೊದಲ ರೇಸಿನಲ್ಲಿ ಕಾರು ಎರಡನೇ ಸುತ್ತಿಗೇ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಬಿಚ್ಚಿ ನೋಡಿದರೆ ಪೆಟ್ರೋಲು ಹರಿಯುವ ರಬ್ಬರ್ ಪೈಪು ಉಬ್ಬಿ, ಮೆತ್ತಗಾಗಿ, ಒಳಗಿನಿಂದ ಚೂರು ಚೂರಾಗಿತ್ತು. ಮಿಶ್ರಣ ಅದನ್ನು ತಿಂದು ನೀರು ಕುಡಿದಿತ್ತು. ಅಕ್ಕ ಹೆಲ್ಮೆಟ್ ತೆಗೆದು ತಮ್ಮನ ಕಡೆ ಒಂದು ನೋಟ ಬಿಟ್ಟಳು. ಭಾವ ಅವಸರದಲ್ಲಿ, "ಪೈಪು ಹಳೇದಾಗಿತ್ತು ಬಿಡು," ಎಂದ.

"ನನ್ನ ಮಿಶ್ರಣ ತಡ್ಕೊಳ್ಳೋ ಯೋಗ್ಯತೆ ಆ ಪೈಪಿಗಿರ್ಲಿಲ್ಲ," ಎಂದ ಘಮಣ್ಣ.

ಅಲ್ಲಿಂದಾಚೆಗೆ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಪ್ರತಿ ಶನಿವಾರ ಘಮಣ್ಣ ನೀಲಿ ಕ್ಯಾನನ್ನು ಕೂಸಿನಂತೆ ಎತ್ತಿಕೊಂಡು ಹೋಗಿ ಗ್ಯಾರೇಜಿನಲ್ಲಿ ಭಾವನ ಕೈಗೆ ಒಪ್ಪಿಸುತ್ತಿದ್ದ. ಭಾನುವಾರ ರನ್‌ವೇಯಲ್ಲಿ, ಎಲ್ಲರೂ ನೋಡುವಂತೆ ಟ್ಯಾಂಕಿನ ಮುಚ್ಚಳ ಬಿಚ್ಚಿ, ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಒಗೆದು ಮೂಸಿ, "ಹ್ಞಾಂ, ಹದವಾಗಿ ಕೂತಿದೆ" ಎನ್ನುತ್ತಿದ್ದ. ಅಕ್ಕ ಕೊನೆಯಿಂದ ಎರಡನೆಯವಳಾಗಿ ಬಂದಳು, ಮುಂದೆ ನಡುವಿಗೆ ಬಂದಳು, ಆಮೇಲೆ ನಾಲ್ಕನೆಯವಳಾದಳು. ಅವಳು ಸಂಜೆ ಹೊತ್ತು ರನ್‌ವೇಯಲ್ಲಿ ನಡೆದಾಡಿ ಒಂದೊಂದು ತಿರುವನ್ನೂ ಕಲಿತದ್ದು, ಬ್ರೇಕ್ ಒತ್ತುವ ಜಾಗಕ್ಕೆ ಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡಿದ್ದು ಘಮಣ್ಣನ ಕಣ್ಣಿಗೆ ಬೀಳಲೇ ಇಲ್ಲ. ರಟ್ಟಿನ ಡಬ್ಬಗಳ ನಡುವೆ ಕೂತು ಅವನು ಜೊತೆಯವರಿಗೆ, "ನಮ್ಮ ಮಿಶ್ರಣ ನಾಲ್ಕನೇ ಸ್ಥಾನ ಬಂತು" ಎಂದು ಹೇಳುತ್ತಿದ್ದ. ಅವನಿಗೆ ಬೆಳಗಾದರೆ ಎದ್ದು ಕಾರ್ಖಾನೆಗೆ ಹೋಗುವ ತ್ರಾಣ ಬರುತ್ತಿದ್ದುದು ಆ ಒಂದು ಮಾತಿನಿಂದ.

ವರ್ಷದ ಕೊನೆಯ ರೇಸಿನಲ್ಲಿ ಅಕ್ಕ ಮೂರನೆಯವಳಾದಳು. ಕೊನೆಯ ತಿರುವಿನಲ್ಲಿ, ಮುಂದಿದ್ದ ಸ್ಪರ್ಧಿ ಹಿಟ್ಟಿನ ಗಿರಣಿಯ ಮಾಲೀಕನನ್ನು ಒಳಬದಿಯಿಂದ ಹಿಂದೆ ಹಾಕಿ ಬಂದ ರೀತಿಗೆ ನೋಡುತ್ತಿದ್ದವರು ಬಾಯಿಗೆ ಕೈ ಇಟ್ಟುಕೊಂಡರು. ಮೂರನೇ ಬಹುಮಾನದ ತಗಡಿನ ಕಪ್ಪನ್ನು ಕೈಗೆ ಕೊಟ್ಟಾಗ, ಕಲಿಯುವವರನ್ನು ಬೈದು ಬೈದು ಗಡಸಾಗಿದ್ದ ಅವಳ ಮುಖ ಸಣ್ಣ ಹುಡುಗಿಯ ಮುಖದಂತಾಯಿತು. ಜೀವನದಲ್ಲಿ ಅವಳು ಗೆದ್ದ ಮೊದಲ ವಸ್ತು ಅದು.

ಆಗ ಸಂಘದವರು ಹೊಸ ವಿಷಯವೊಂದನ್ನು ಹೇಳಿದರು. ಈ ಸಲ ಮೊದಲ ಮೂವರ ಟ್ಯಾಂಕಿನಿಂದ ಪೆಟ್ರೋಲು ತೆಗೆದು ಪರೀಕ್ಷೆ ಮಾಡುತ್ತಾರಂತೆ. ಊಟದ ಡಬ್ಬಿಯಷ್ಟು ಪುಟ್ಟ ಯಂತ್ರ ಹಿಡಿದ ಹೆಂಗಸೊಬ್ಬಳು ಬಂದಿದ್ದಳು.

ಘಮಣ್ಣನಿಗೆ ಸಂಘದ ನಿಯಮ ಈಗ ನೆನಪಾಯಿತು. ಮಿಶ್ರಣ ಸಿಕ್ಕಿಬಿದ್ದರೆ ಅಕ್ಕನ ಕಪ್ಪು ಹೋಯಿತು, ಅದೂ ತನ್ನಿಂದ. ಪರೀಕ್ಷಕಿ ಟ್ಯಾಂಕಿಗೆ ಸಣ್ಣ ನಳಿಗೆ ಇಳಿಸಿ ಗಾಜಿನ ಸೀಸೆಗೆ ತುಂಬಿಕೊಳ್ಳುವಾಗ ಅವನು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದ. ಯಂತ್ರ ಕುಂಯ್ ಎಂದಿತು.

"ಸಾದಾ ಪೆಟ್ರೋಲು. ಸರಿಯಿದೆ," ಎಂದಳು ಪರೀಕ್ಷಕಿ.

ಬದುಕಿದೆ ಎಂದು ಘಮಣ್ಣ ಉಸಿರು ಬಿಟ್ಟ. ಬುದ್ಧಿಯಿದ್ದವನು ಅಷ್ಟಕ್ಕೇ ಸುಮ್ಮನಾಗುತ್ತಿದ್ದ. ಆದರೆ ಬಿಟ್ಟ ಉಸಿರು ಒಳಗೆ ಬರುವಷ್ಟರಲ್ಲಿ ಇನ್ನೊಂದು ಮಾತು ಅವನನ್ನು ಇರಿಯಿತು. ಸಾದಾ? ವರ್ಷವೆಲ್ಲ ಹಿತ್ತಿಲಲ್ಲಿ ಕೂತು ತಿರುವಿದ್ದು ಸಾದಾ?

"ಇನ್ನೊಂದ್ಸಲ ನೋಡಿ," ಎಂದ.

"ನೋಡಿದೀನಿ. ಬಂಕಿನ ಸಾದಾ ಪೆಟ್ರೋಲು."

"ಸಾದಾ ಸಾದಾ ಅಂತೀರಲ್ಲ, ನಿಮ್ಮ ಯಂತ್ರಕ್ಕೆ ಮೂಗು ಅನ್ನೋದಿದೆಯಾ?"

"ಬಾಯ್ಮುಚ್ಚೋ," ಎಂದಳು ಅಕ್ಕ ಹಲ್ಲು ಕಚ್ಚಿ.

ಯಂತ್ರಗಳ ಮೇಲೆ ಅವನಿಗಿದ್ದ ಹಳೆಯ ಸಿಟ್ಟೆಲ್ಲ ನೆತ್ತಿಗೇರಿತ್ತು. "ನಾನೇ ಕೈಯಾರೆ ಬೆರೆಸಿದ್ದು ಕಣ್ರೀ ಅದು! ಬೆಳಗ್ಗೆ ಮೂಸಿ ನೋಡಿದೀನಿ!"

ಭಾವ ಕಣ್ಣು ಮುಚ್ಚಿಕೊಂಡ. ನಾಲ್ಕನೆಯವನಾಗಿ ಬಂದಿದ್ದ ಗಿರಣಿಯವನು ಕಾಯುತ್ತಿದ್ದವನಂತೆ ಮುಂದೆ ನುಗ್ಗಿ, "ಕೇಳಿದ್ರಾ? ಅವರ ಬಾಯಿಂದಲೇ ಬಂತು! ಆ ಕಪ್ಪು ನಂದು!" ಎಂದ.

ಪರೀಕ್ಷಕಿಗೆ ಮನೆಗೆ ಹೋಗುವ ಅವಸರ. "ಯಂತ್ರ ಸಾದಾ ಅಂತಿದೆ, ನೀವು ಬೆರೆಸಿದ್ದು ಅಂತಿದೀರಿ. ಬೆರೆಸಿದ್ದು ಅಂತ ಟೀಮಿನವರೇ ಒಪ್ಕೊಂಡ್ರೆ ಕಪ್ಪು ವಾಪಸ್ ಕೊಡ್ಬೇಕಾಗುತ್ತೆ. ಯಾವುದು ಅಂತ ಒಂದು ಮಾತು ಹೇಳಿಬಿಡಿ," ಎಂದು ಸೀಸೆಯನ್ನು ಅವನ ಕಡೆ ಚಾಚಿದಳು.

ಅಕ್ಕ ಗಂಡನ ಮುಖ ನೋಡಿದಳು. ಗಂಡ ತನ್ನ ಬೂಟು ನೋಡಿಕೊಂಡ. ಆಮೇಲೆ ಅವಳು ತಮ್ಮನ ಕಡೆ ತಿರುಗಿ, ಕಲಿಯುವವರಿಗೆ ಎಂದೂ ತೆಗೆಯದ ಮೆಲುದನಿಯಲ್ಲಿ, "ಮೂಸು ಕಣೋ. ಈಗೊಂದ್ಸಲ ಸರಿಯಾಗಿ ಮೂಸು," ಎಂದಳು.

ಘಮಣ್ಣ ಸೀಸೆ ತೆಗೆದುಕೊಂಡ. ಈ ಸಲ ಕಣ್ಣು ಮುಚ್ಚಲಿಲ್ಲ, ಕತ್ತು ಒಗೆಯಲೂ ಇಲ್ಲ. ಮೂಸಿದ. ನುಸಿಗುಳಿಗೆಯ ಘಾಟು ಇರಲಿಲ್ಲ. ಸ್ಪಿರಿಟ್ಟಿನ ಚುರುಕು ಇರಲಿಲ್ಲ. ಬೀದಿಯಲ್ಲಿ ಹೋಗುವ ಯಾವ ಸ್ಕೂಟರಿನಿಂದ ಬೇಕಾದರೂ ಬರುವ ವಾಸನೆ ಅದು. ಅವನ ಮೂಗು ಕೆಟ್ಟಿರಲಿಲ್ಲ, ಬಹಳ ಚೆನ್ನಾಗಿಯೇ ಇತ್ತು. ಇಷ್ಟು ದಿನ ಟ್ಯಾಂಕಿಗೆ ಬಗ್ಗಿದಾಗಲೆಲ್ಲ ಅವನು ಮೂಗಿಗೆ ಕೆಲಸವನ್ನೇ ಕೊಟ್ಟಿರಲಿಲ್ಲ. ಜನ ನೋಡುತ್ತಿದ್ದಾರೋ ಇಲ್ಲವೋ ಎಂಬುದರ ಕಡೆಗೇ ಅವನ ಗಮನವೆಲ್ಲ ಇತ್ತು. ಇದು ಅವನಿಗೆ ಆ ಕ್ಷಣ ಗೊತ್ತಾಯಿತು, ಗೊತ್ತಾಗಿ ಕಿವಿಯವರೆಗೂ ಕೆಂಪಾದ.

"ಸಾದಾ," ಎಂದ.

"ಈಗ ತಾನೇ ಬೆರೆಸಿದ್ದು ಅಂದ್ರಲ್ರೀ?" ಎಂದ ಗಿರಣಿಯವನು.

"ಸುಮ್ನೆ ಬಾಯಿಗೆ ಬಂದಿದ್ದು ಅಂದೆ. ನಂಗೆ ಇದರಲ್ಲಿ ಏನೂ ಗೊತ್ತಾಗಲ್ಲ. ನಾನು ಇವರ ಜೊತೆ ಬರೋನು, ಅಷ್ಟೆ."

ಗಿರಣಿಯವನು ಗೊಣಗುತ್ತ ಹೋದ. ಕಪ್ಪು ಅಕ್ಕನ ಕೈಯಲ್ಲೇ ಉಳಿಯಿತು.

ರೇಸ್ ಕಾರನ್ನು ಹಿಂದೆ ಕಟ್ಟಿಕೊಂಡು ವ್ಯಾನು ಮನೆಯ ದಾರಿ ಹಿಡಿಯಿತು. ಅಕ್ಕನೇ ಓಡಿಸುತ್ತಿದ್ದಳು. ಪಕ್ಕದಲ್ಲಿ ಭಾವ, ಹಿಂದೆ ಟೈರುಗಳ ಜೊತೆ ಘಮಣ್ಣ. ಕೊನೆಗೆ ಅವನು ಕೇಳಿದ: "ಎಷ್ಟು ದಿನದಿಂದ ಸಾದಾ ಹಾಕ್ತಿದೀರಿ?"

"ಪೈಪು ಹೋದ ದಿನದಿಂದ," ಎಂದಳು ಅಕ್ಕ. ತಪ್ಪಾಯಿತು ಎಂದೇನೂ ಅವಳು ಅನ್ನಲಿಲ್ಲ. "ನಿನ್ ಮುಖ ನೋಡಿ ಹೇಳೋಕಾಗ್ಲಿಲ್ಲ ಕಣೋ."

"ಮತ್ತೆ ನನ್ನ ಕ್ಯಾನಿನದು? ಚೆಲ್ತಿದ್ರಾ?"

"ಛೆ ಛೆ, ಚೆಲ್ಲೋದುಂಟಾ?" ಎಂದು ಭಾವ ತಿರುಗಿ ಕೂತ. ಸಮಾಧಾನ ಹೇಳಲು ಕೊನೆಗೂ ಒಂದು ದಾರಿ ಸಿಕ್ಕಿತೆಂದು ಅವನ ಮುಖ ಅರಳಿತ್ತು. "ಗ್ಯಾರೇಜಲ್ಲಿ ಬಿಡಿಭಾಗ ತೊಳೆಯೋಕೆ ಇಟ್ಕೊಂಡಿದೀನಿ. ಜಿಡ್ಡು ಏನ್ ಬಿಡುತ್ತೆ ಅಂತೀಯಾ! ಅಂಗಡೀಲಿ ಸಿಗೋದೆಲ್ಲ ಅದರ ಮುಂದೆ ಏನೂ ಅಲ್ಲ."

ಅಕ್ಕ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಭಾವ ಬಾಯಿ ಮುಚ್ಚಿ ಮುಂದಕ್ಕೆ ತಿರುಗಿದ. ವ್ಯಾನು ಎರಡು ತಿರುವು ಕಳೆಯಿತು.

ಆಮೇಲೆ ಹಿಂದಿನಿಂದ, ಟೈರುಗಳ ನಡುವಿನಿಂದ, ಘಮಣ್ಣ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಎಷ್ಟು ಹೊತ್ತು ಅದರಲ್ಲಿ ನೆನೆ ಹಾಕ್ತೀರಿ ಭಾವ?" ಎಂದು ಕೇಳಿದ.