ಜ್ಯೂಸೇ, ಹಸನಾಕ

ಹಸನಾಕ, ಆ ಬಾಟಲಿಯನ್ನು ತಂದವನು ನಾನು. ಅದರಲ್ಲಿದ್ದದ್ದು ದ್ರಾಕ್ಷಿ ಜ್ಯೂಸ್ ಅಲ್ಲ, ವೈನ್ ಎಂಬುದು ನನಗೆ ಗೊತ್ತಿತ್ತು. ನಿಮ್ಮ ಕೈಗೆ ಕೊಡುವಾಗಲೂ ಗೊತ್ತಿತ್ತು.

ಇಷ್ಟು ನಿಮಗೆ ಆ ಸಂಜೆಯೇ ತಿಳಿದುಹೋಯಿತು. ತಿಳಿಯದ ಇನ್ನೊಂದು ಸಂಗತಿಯಿದೆ— ಕುವೈತಿನಲ್ಲಿ ಅಷ್ಟೊಂದು ಹೋಟೆಲುಗಳಿರುವಾಗ ನಾನು ನಿಮ್ಮದನ್ನೇ ಏಕೆ ಆರಿಸಿದೆ ಎಂಬುದು. ಅದನ್ನು ಆರು ವರ್ಷಗಳಿಂದ ಯಾರಿಗೂ ಹೇಳಿಲ್ಲ. ಇದನ್ನು ಬರೆಯಲು ಕೂತವನು ಒಮ್ಮೆ ಎದ್ದು ಹೋಗಿ ಬಾಗಿಲಿನ ಚಿಲಕ ನೋಡಿ ಬಂದೆ. ನಾನು ಈಗಲೂ ಇದೇ ದೇಶದಲ್ಲಿದ್ದೇನೆ, ಇಲ್ಲಿನ ಇಕಾಮಾದ, ಎಂದರೆ ವಾಸದ ಪರವಾನಗಿಯ ಮೇಲೆಯೇ ಬದುಕುತ್ತಿದ್ದೇನೆ. ಹೆದರಿಕೆ ಹೋಗಿಲ್ಲ. ಹೋದ ಮೇಲೆ ಬರೆಯೋಣ ಎಂದುಕೊಂಡರೆ ಎಂದೂ ಬರೆಯಲಾರೆ.

2008ರ ನವೆಂಬರ್. ನನಗೆ ಇಪ್ಪತ್ತನಾಲ್ಕು ವರ್ಷ. ಶರ್ಕ್‌ನ ಒಂದು ಕಚೇರಿಯಲ್ಲಿ ಕಾಗದಪತ್ರಗಳಿಗೆ ನಂಬರು ಹಾಕಿ ಜೋಡಿಸಿಡುವ ಕೆಲಸ. ರಿಗ್ಗೈಯಲ್ಲಿ ರೊನಾಲ್ಡ್ ಅಂಕಲ್ ಮತ್ತು ಸೆಲಿನ್ ಆಂಟಿಯ ಫ್ಲ್ಯಾಟಿನ ಒಂದು ಕೋಣೆ ನನ್ನದು. ಅಂಕಲ್ ನಿವೃತ್ತರಾಗಿ ಊರಿಗೆ ಹೊರಟಿದ್ದರು. ನಮ್ಮ ನಾಲ್ಕು ಕೊಂಕಣಿ ಕ್ರೈಸ್ತ ಕುಟುಂಬಗಳು ಸೇರಿ ಅವರಿಗೊಂದು ಬೀಳ್ಕೊಡುಗೆಯ ಊಟ ಕೊಡುವುದೆಂದು ನಿರ್ಧಾರವಾಯಿತು. ಫ್ಲ್ಯಾಟಿನಲ್ಲಿ ಪ್ಯಾಕು ಮಾಡಿದ ಪೆಟ್ಟಿಗೆಗಳ ನಡುವೆ ಕಾಲಿಡಲೂ ಜಾಗವಿರಲಿಲ್ಲ. ಹೋಟೆಲೇ ಆಗಬೇಕಿತ್ತು. ಅದನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು; ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಹುಡುಗ, ಇವನು ತಪ್ಪುವುದಿಲ್ಲ ಎಂದು.

ಅಂಕಲ್ ಒಂದೇ ಒಂದು ಷರತ್ತು ಹಾಕಿದ್ದರು. ಟೋಸ್ಟ್ ಆಗಬೇಕು. ನಮ್ಮವರಲ್ಲಿ ಮದುವೆಯಿರಲಿ, ಬೀಳ್ಕೊಡುಗೆಯಿರಲಿ, ಒಬ್ಬರು ಎದ್ದು ನಿಂತು ನಾಲ್ಕು ಒಳ್ಳೆಯ ಮಾತಾಡಿ, ಎಲ್ಲರೂ ವೈನಿನ ಗ್ಲಾಸು ಎತ್ತದೆ ಊಟಕ್ಕೆ ಕೈಹಾಕುವುದಿಲ್ಲ. ಆದರೆ ಈ ದೇಶದಲ್ಲಿ ಮದ್ಯ ಒಂದು ಹನಿಯೂ ಕೂಡದು. ಅಂಕಲ್ ಪ್ರತಿವರ್ಷ ಕ್ರಿಸ್ಮಸ್ಸಿಗೆಂದು ಅಂಗಡಿಯ ದ್ರಾಕ್ಷಿ ಜ್ಯೂಸನ್ನೇ ತಂದು, ಸಕ್ಕರೆ ಮತ್ತು ಯೀಸ್ಟ್ ಹಾಕಿ, ಬಟ್ಟೆಯ ಕಪಾಟಿನ ಕೆಳಗೆ ಕಂಬಳಿ ಹೊದಿಸಿ ಇಡುತ್ತಿದ್ದರು. ವೈನು ಆದ ಮೇಲೆ ಅದೇ ಜ್ಯೂಸಿನ ಬಾಟಲಿಗಳಿಗೆ ತುಂಬುತ್ತಿದ್ದರು. ಹೊರಗಿನಿಂದ ನೋಡಿದರೆ ಜ್ಯೂಸೇ.

ಹೀಗಾಗಿ ನಾನು ಹುಡುಕಬೇಕಾದದ್ದು ಒಳ್ಳೆಯ ಅಡುಗೆಯ ಹೋಟೆಲನ್ನಲ್ಲ, ನಮ್ಮ ಬಾಟಲಿ ನಾವೇ ಒಯ್ಯಬಹುದಾದ ಹೋಟೆಲನ್ನು. ಮೂರನ್ನು ನೋಡಿದೆ. ರಿಗ್ಗೈಯದಕ್ಕೆ ರಸ್ತೆಯ ಕಡೆ ಉದ್ದಕ್ಕೂ ಗಾಜು. ಶರ್ಕ್‌ನದ್ದು ಮಾಲ್‌ನೊಳಗೆ, ಬಾಗಿಲಲ್ಲೇ ಕಾವಲುಗಾರರು. ಮೂರನೆಯದು ಅಬು ಹಲೀಫಾದಲ್ಲಿ ನೀವು ನಡೆಸುತ್ತಿದ್ದ ಹೋಟೆಲು— ಮಹಡಿಯ ಮೇಲೆ, ಪರದೆ ಹಾಕಿದ ಫ್ಯಾಮಿಲಿ ಕ್ಯಾಬಿನ್‌ಗಳು, ಚಹಾ ಬಿಟ್ಟರೆ ಕುಡಿಯಲು ಬೇರೇನೂ ಇಡುವುದಿಲ್ಲ. ಎರಡು ಸಲ ಹೋಗಿ ಊಟ ಮಾಡಿ ಬಂದೆ. ಪೊಲೀಸು ವಾಹನಗಳು ಯಾವ ಕಡೆಯಿಂದ ಬರುತ್ತವೆ ಎಂದು ಕಿಟಕಿಯಲ್ಲಿ ಕೂತು ನೋಡಿದೆ.

ಸೆಲಿನ್ ಆಂಟಿ ತಮಾಷೆ ಮಾಡಿದರು: "ನಮ್ಮ ವಿಲ್ಸನ್ ಹೋಟ್ಲು ಹುಡುಕುದಾ, ಹುಡುಗಿ ಹುಡುಕುದಾ? ಇಷ್ಟು ಎನ್ಕ್ವಾಯರಿ ನನ್ನಪ್ಪ ನನ್ನ ಮದುವೆಗೆ ಮಾಡಿದ್ದಿದ್ರೆ ಈ ಮನುಷ್ಯ ಸಿಕ್ತಿರ್ಲಿಲ್ಲ."

ಎಲ್ಲರೂ ನಕ್ಕರು. ನಾನೂ.

ಆದರೆ, ಹಸನಾಕ, ನಾನು ಗಾಜು, ಪರದೆ, ಮೆಟ್ಟಿಲುಗಳನ್ನು ಮಾತ್ರ ಅಳೆಯಲಿಲ್ಲ. ನಿಮ್ಮನ್ನೂ ಅಳೆದೆ. ನಿಮ್ಮ ಹಣೆಯ ಮೇಲಿನ ನಮಾಜಿನ ಗುರುತನ್ನು ನೋಡಿದೆ. ಸಂಜೆಯ ಅಸರ್ ನಮಾಜಿನ ಬಾಂಗ್ ಕೇಳಿದ ಕೂಡಲೇ ದುಡ್ಡಿನ ಗಲ್ಲದ ಪಕ್ಕದಲ್ಲಿ ಚಾಪೆ ಹಾಸುವುದನ್ನು ನೋಡಿದೆ. ಬೀದಿಯ ಪೊಲೀಸರು ಕೂಡ ನಿಮಗೆ ಸಲಾಂ ಹೇಳಿ ಹೋಗುತ್ತಿದ್ದರು. ಇಂಥವರ ಹೋಟೆಲಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅದನ್ನು ಆಗ ಪೂರ್ತಿ ಯೋಚಿಸದೆ ಅರ್ಧಕ್ಕೇ ಬಿಟ್ಟೆ. ಈಗ ಪೂರ್ತಿ ಮಾಡುತ್ತೇನೆ. ಏನಾದರೂ ಆದರೆ— ಹೋಟೆಲು ನಮ್ಮದಲ್ಲವಲ್ಲ.

ಇದೇ ನಿಮಗೆ ತಿಳಿಯದೆ ಇದ್ದದ್ದು. ಮುಂದೆ ಆದದ್ದು ಆ ಕ್ಷಣದ ಗಾಬರಿಯಿಂದ ಮಾತ್ರ ಆಗಲಿಲ್ಲ. ಅದಕ್ಕೆ ಜಾಗವನ್ನು ನಾನು ಮೊದಲೇ ಮಾಡಿಟ್ಟಿದ್ದೆ.

ಕ್ಯಾಬಿನ್ ಗೊತ್ತುಮಾಡಲು ಬಂದಾಗ ನೀವು ನಮ್ಮ ಮಾತಿನ ಧಾಟಿಯಿಂದಲೇ ಊರು ಹಿಡಿದಿರಿ. ನಮ್ಮ ಮನೆಯಿಂದ ನಿಮ್ಮ ಊರಿಗೆ ಒಂದೇ ಬಸ್ಸು ಎಂದು ತಿಳಿದಾಗ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಕೇಕು ಮತ್ತು ಜ್ಯೂಸು ನಾವೇ ತರಬಹುದೇ ಎಂದು ಕೇಳಿದೆ. ಹೊರಗಿನ ತಿಂಡಿ ಹೋಟೆಲಿನೊಳಗೆ ತರುವಂತಿಲ್ಲ ಎಂಬ ಸರಕಾರಿ ನಿಯಮವಿದ್ದರೂ ನೀವು ನಕ್ಕಿರಿ.

"ಕೇಕ್ ತನ್ನಿ, ಜ್ಯೂಸ್ ತನ್ನಿ, ಬೇಕಾದ್ರೆ ನಿಮ್ಮ ಅಜ್ಜಿಯನ್ನೂ ಕರ್ಕೊಂಡು ಬನ್ನಿ ಪರ್ಬುಗಳೇ. ಬಿರಿಯಾನಿ ಮಾತ್ರ ಹೊರಗಿಂದ ತರ್ಬೇಡಿ, ನನಗೆ ಬೇಜಾರಾಗ್ತದೆ." ಊರಿನಲ್ಲಿ ನಮ್ಮ ಕ್ರೈಸ್ತರನ್ನು ಕರೆಯುವಂತೆ ಪರ್ಬು ಎಂದೇ ಕರೆದಿರಿ. ಆಮೇಲೆ ದನಿ ತಗ್ಗಿಸಿ, "ಜ್ಯೂಸ್ ಅಂದ್ರೆ ಜ್ಯೂಸೇ ಅಲ್ವಾ?" ಎಂದಿರಿ.

"ಜ್ಯೂಸೇ, ಹಸನಾಕ."

ನೀವು ಮತ್ತೆ ಕೇಳಲಿಲ್ಲ. ಊರಿನ ಹುಡುಗನನ್ನು ಎರಡು ಸಲ ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಿರಬೇಕು.

ತಿಂಗಳ ಕೊನೆಯ ಗುರುವಾರ ಸಂಜೆ ನಾವು ಮಕ್ಕಳೂ ಸೇರಿ ಹದಿನಾಲ್ಕು ಮಂದಿ ಬಂದೆವು. ನನ್ನ ಚೀಲದಲ್ಲಿ ಎರಡು ಬಾಟಲಿಗಳಿದ್ದವು. ಒಂದನ್ನು ಪರದೆಯೊಳಗೆ ಒಯ್ದೆ. ಎರಡನೆಯದನ್ನು ಚೀಲದಲ್ಲೇ ಇರಿಸಿಕೊಳ್ಳಬೇಕಿತ್ತು— ಅದರಷ್ಟಕ್ಕೆ ಅದು ಅಲ್ಲೇ ಇದ್ದಿದ್ದರೆ— ಆದರೆ ನೀವು ಕೈ ಚಾಚಿ, ಬಿಸಿಯಾಗುತ್ತದೆ, ಕೊಡಿ, ಫ್ರಿಜ್ಜಿನಲ್ಲಿಡುತ್ತೇನೆ ಎಂದಿರಿ. ಬೇಡವೆನ್ನಲು ನನಗೆ ಒಂದು ಕಾರಣವೂ ಹೊಳೆಯಲಿಲ್ಲ. ಜ್ಯೂಸು ತಂದವನು ತಣ್ಣಗಾಗುವುದು ಬೇಡ ಎಂದು ಹೇಗೆ ಹೇಳುತ್ತಾನೆ? ಕೊಟ್ಟೆ. ನಿಮ್ಮ ಮೊಸರಿನ ಡಬ್ಬಗಳ ಪಕ್ಕದಲ್ಲಿ ನೀವದನ್ನು ನಿಲ್ಲಿಸಿದಿರಿ.

ಟೋಸ್ಟ್ ಆಯಿತು. ಸಣ್ಣ ದನಿಯಲ್ಲಿ, ಗ್ಲಾಸುಗಳನ್ನು ತಾಗಿಸದೆ. ರೊನಾಲ್ಡ್ ಅಂಕಲ್ ಅತ್ತರು. ಬಿರಿಯಾನಿ ಬಂತು. ಮಕ್ಕಳು ಕೋಳಿಯ ಕಾಲಿಗೆ ಜಗಳವಾಡುತ್ತಿದ್ದರು. ಅಷ್ಟರಲ್ಲಿ ನಿಮ್ಮ ಅಡುಗೆಯವನು ಪರದೆಯ ಹೊರಗಿನಿಂದ, ಬಲದಿಯಾದವರು ಬಂದಿದ್ದಾರೆ, ಅಡುಗೆಮನೆ ನೋಡುತ್ತಾರೆ, ನೀವು ಊಟ ಮಾಡಿ ಎಂದ. ಬಲದಿಯಾ ಎಂದರೆ ಇಲ್ಲಿನ ಮುನಿಸಿಪಾಲಿಟಿ. ಹೋಟೆಲುಗಳಿಗೆ ಅವರು ಬಂದು ಹೋಗುವುದು ಮಾಮೂಲು. ಅವನಿಗೆ ಏನೂ ಅನ್ನಿಸಲಿಲ್ಲ. ಸೆಲಿನ್ ಆಂಟಿ ಗ್ಲಾಸುಗಳನ್ನೂ ಬಾಟಲಿಯನ್ನೂ ಮೂಲೆಯ ವಾಷ್ ಬೇಸಿನ್ನಿಗೆ ಬಗ್ಗಿಸಿ ನೀರು ಬಿಟ್ಟರು. ಆಗ ನನಗೆ ಫ್ರಿಜ್ಜು ನೆನಪಾಯಿತು.

ನಾನು ಗಲ್ಲದ ಬಳಿಗೆ ಬಂದಾಗ ತಡವಾಗಿತ್ತು. ಇಬ್ಬರು ಅಧಿಕಾರಿಗಳು, ಜೊತೆಗೊಬ್ಬ ಪೊಲೀಸು. ಬಾಟಲಿ ಒಬ್ಬರ ಕೈಯಲ್ಲಿತ್ತು. ಸೀಲು ಒಡೆದದ್ದನ್ನು ಅವರು ಬೆರಳಿನಿಂದ ತೋರಿಸುತ್ತಿದ್ದರು. ಇದು ಯಾರದ್ದು ಎಂದು ಅರಬ್ಬಿಯಲ್ಲಿ ಕೇಳಿದರು.

ನೀವು ನನ್ನ ಕಡೆ ನೋಡಿದಿರಿ. ಹೆದರಬೇಡ ಎಂಬಂತೆ ಸಣ್ಣಗೆ ಕಣ್ಣು ಮುಚ್ಚಿ ತೆರೆದಿರಿ. ಹೊರಗಿನ ಜ್ಯೂಸು ತಂದರೆಂದು ನಮಗೆ ತೊಂದರೆಯಾಗುತ್ತದೆ, ಊಟಕ್ಕೆ ಕೂತ ನೆಂಟರನ್ನು ಎಬ್ಬಿಸುತ್ತಾರೆ— ನಿಮಗೆ ತೋರಿದ್ದು ಅಷ್ಟೇ. ಎದೆಯ ಮೇಲೆ ಕೈಯಿಟ್ಟು, ಇದು ನನ್ನದು ಎಂದುಬಿಟ್ಟಿರಿ.

ಅಧಿಕಾರಿ ನನ್ನ ಕಡೆ ತಿರುಗಿದರು. ಗಿರಾಕಿಯನ್ನೂ ಒಂದು ಮಾತು ಕೇಳುವುದು ಅವರ ಪದ್ಧತಿಯೋ ಏನೋ. ಹೌದೇ ಎಂದರು.

ಅಲ್ಲ ಎನ್ನಬಹುದಿತ್ತು. ಬಾಯಿ ತೆರೆಯದೆ ನಿಂತಿದ್ದರೂ ಇಂದಿಗಿಂತ ಸ್ವಲ್ಪ ಕಡಿಮೆ ಪಾಪಿಯಾಗಿರುತ್ತಿದ್ದೆ. ಆದರೆ ಮಾತು ಸ್ಪಷ್ಟವಾಗಿ ಹೊರಬಂತು.

"ಐವಾ," ಎಂದೆ. ಹೌದು.

ಆಮೇಲೆ ಅವರು ಮುಚ್ಚಳ ತೆಗೆದರು.

ವಾಸನೆ ನಿಮ್ಮ ತನಕ ಬಂದ ಆ ಗಳಿಗೆಯನ್ನು ಹೇಗೆ ಬರೆಯಲಿ? ನೀವು ಅಧಿಕಾರಿಯನ್ನು ನೋಡಲಿಲ್ಲ, ಬಾಟಲಿಯನ್ನೂ ನೋಡಲಿಲ್ಲ. ನನ್ನನ್ನು ನೋಡಿದಿರಿ. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವನು ಮತ್ತೊಮ್ಮೆ ಕೂಡಿಸಿ ನೋಡುವಂತಿತ್ತು ಆ ನೋಟ. ಆಗಲೂ ನೀವು ಬೆರಳು ಎತ್ತಿ ನನ್ನನ್ನು ತೋರಿಸಬಹುದಿತ್ತು. ಪರದೆ ಸರಿಸಿ ಉಳಿದ ಹದಿಮೂರು ಮಂದಿಯನ್ನು ತೋರಿಸಬಹುದಿತ್ತು. ಏಕೆ ತೋರಿಸಲಿಲ್ಲ ಎಂದು ನನಗೆ ಇಂದಿಗೂ ತಿಳಿಯದು. ಒಮ್ಮೆ ಆಡಿದ ಮಾತನ್ನು ನುಂಗಲಾರದೆಯೋ, ಅಥವಾ ಒಳಗಿನ ಮಕ್ಕಳ ದನಿ ಕೇಳಿಯೋ. ಪೊಲೀಸು ತೋಳು ಹಿಡಿದಾಗ ನನಗೆ ಕನ್ನಡದಲ್ಲಿ ಒಂದೇ ಮಾತು ಹೇಳಿದಿರಿ:

"ಮಕ್ಕಳದ್ದು ಊಟ ಆಯ್ತಾ? ಆಗಿದ್ರೆ ಹೊರಡಿ."

ಹೊರಟೆವು. ಆ ವಾರವೆಲ್ಲ ನಾನು ಕಚೇರಿಗೆ ಹೋಗಿ ಬಂದೆ, ಆದರೆ ಲಿಫ್ಟು ನಮ್ಮ ಮಹಡಿಯಲ್ಲಿ ನಿಂತ ಸದ್ದು ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದೆ. ಒಬ್ಬರೂ ಬರಲಿಲ್ಲ. ನೀವು ಬಾಯಿ ಬಿಡಲಿಲ್ಲ. ಹೋಟೆಲಿಗೆ ಬೀಗ ಬಿತ್ತೆಂದು ತಿಳಿಯಿತು. ನಿಮ್ಮನ್ನು ಒಳಗಿಟ್ಟು, ಬೆರಳಚ್ಚು ತೆಗೆದುಕೊಂಡು, ಮತ್ತೆಂದೂ ಬರದಂತೆ ಊರಿಗೆ ಕಳಿಸಿದರೆಂದು ಆಮೇಲೆ ತಿಳಿಯಿತು. ರೊನಾಲ್ಡ್ ಅಂಕಲ್ ಗೊತ್ತುಮಾಡಿದ ದಿನವೇ ವಿಮಾನ ಹತ್ತಿದರು. ಹೋಗುವ ಮುಂಚೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅವ್ನೇ ತನ್ನದು ಅಂದನಲ್ಲ ವಿಲ್ಸನ್. ನಾವು ಹೇಳ್ಲಿಕ್ಕೆ ಹೇಳಿದ್ದಾ?" ಎಂದರು.

ನಾನು ಆ ಮಾತಿಗೆ ಜೋತುಬಿದ್ದು ವರ್ಷಗಟ್ಟಲೆ ಬದುಕಿದೆ. ಅವರೇ ಅಂದರಲ್ಲ. ಕೇಳಲು ಅದು ನಿಜವೇ. ಆದರೆ ನೀವು ನಿಮ್ಮದೆಂದದ್ದು ಜ್ಯೂಸನ್ನು. ನಾನು ಹೌದೆಂದದ್ದು ವೈನನ್ನು. ಇದು ನನಗೆ ಅಂದೇ ಗೊತ್ತಿತ್ತು.

ನಿಮ್ಮ ಊರಿನ ಹುಡುಗನೊಬ್ಬ ನಮ್ಮ ಕಚೇರಿಗೆ ಕೆಲಸಕ್ಕೆ ಸೇರಿದ ಮೇಲೆ ಉಳಿದದ್ದು ತಿಳಿಯಿತು. ಆ ಸಂಜೆ ನಾನು ಅಲ್ಲಿದ್ದೆನೆಂದು ಅವನಿಗೆ ಗೊತ್ತಿಲ್ಲ, ಸುಮ್ಮನೆ ಊರಿನ ಸುದ್ದಿ ಹೇಳುತ್ತಿದ್ದ. ಜನ್ಮದಲ್ಲಿ ಮದ್ಯ ಮುಟ್ಟದ ನಿಮ್ಮನ್ನು ಬೆನ್ನ ಹಿಂದೆ ಶರಾಬು ಹಸನ ಎನ್ನುತ್ತಾರಂತೆ. ಹಿರಿಮಗಳಿಗೆ ಗೊತ್ತಾದ ಸಂಬಂಧವನ್ನು ಗಂಡಿನ ಕಡೆಯವರು ಇದೇ ಕಾರಣಕ್ಕೆ ಬಿಟ್ಟರಂತೆ. ಮಸೀದಿಯ ಕಮಿಟಿಯಲ್ಲಿದ್ದ ಜಾಗವನ್ನು ನೀವೇ ಬಿಟ್ಟುಕೊಟ್ಟಿರಂತೆ, ಯಾರೂ ಕೇಳುವ ಮೊದಲೇ. ಅವನು ಹೇಳುತ್ತ ಹೋದ. ನಾನು ತಲೆಯಾಡಿಸುತ್ತ ಇದ್ದೆ— ಯಾರೋ ಪರಕೀಯರ ಸುದ್ದಿ ಕೇಳುವವನ ಹಾಗೆ.

ಎರಡು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಬಂದಾಗ ನಿಮ್ಮನ್ನು ಕಂಡೆ. ಪೇಟೆಯ ಒಂದು ಹೋಟೆಲಿನಲ್ಲಿ, ಯಾರದೋ ಗಲ್ಲದ ಹಿಂದೆ ಕೂತು ಬಿಲ್ಲು ಹರಿಯುತ್ತಿದ್ದಿರಿ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದು ಮೆಟ್ಟಿಲಿಳಿದು ಓಡಿದೆ. ನಿಜವಾಗಿ ಓಡಿದೆ, ಜನ ತಿರುಗಿ ನೋಡುವಂತೆ. ನೀವು ಕಂಡಿರೋ ಇಲ್ಲವೋ. ಅಂದು ಕುವೈತಿನ ಪೊಲೀಸರಿರಲಿಲ್ಲ, ಇಕಾಮಾ ಹೋಗುವ ಭಯವಿರಲಿಲ್ಲ. ಹಾಗಾದರೆ ನಾನು ಯಾರಿಗೆ ಹೆದರಿ ಓಡಿದೆ? ಆವತ್ತಿನವರೆಗೆ ನನ್ನ ಹೆದರಿಕೆಗೆ ಒಂದು ಕಾರಣವಿದೆ ಎಂದು ನಂಬಿದ್ದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನೀವು ಕ್ಷಮಿಸಿಬಿಡುತ್ತೀರಿ ಎಂಬುದೇ ನನ್ನ ಇನ್ನೊಂದು ಭಯ. ಬಾಗಿಲಲ್ಲೇ ತಡೆದು, ಹಳೇ ಮಾತು ಬಿಡಿ, ಚಹಾ ಕುಡಿಯಿರಿ ಎಂದು ಒಳಗೆ ಕೂರಿಸಿಬಿಡುತ್ತೀರಿ. ಹಾಗಾದರೆ ಹೊರಗಿನ ಒಬ್ಬರಿಗೂ ಏನೂ ತಿಳಿಯುವುದಿಲ್ಲ. ನಿಮ್ಮ ಹೆಸರು ಹೋದದ್ದು ಮನೆಯೊಳಗಲ್ಲ.

ಮುಂದಿನ ತಿಂಗಳು ರಜೆ ಸಿಕ್ಕಿದೆ. ಒಂದು ಶುಕ್ರವಾರ ನಿಮ್ಮ ಮನೆಗೆ ಬರುತ್ತೇನೆ, ಜುಮಾ ನಮಾಜು ಮುಗಿದು ಜನ ಮನೆಗೆ ಹೋಗುವ ಹೊತ್ತಿಗೆ. ಒಳಗೆ ಕರೆಯಬೇಡಿ, ಹಸನಾಕ. ನಾನು ಅಂಗಳದಲ್ಲೇ ನಿಂತು ಹೇಳುತ್ತೇನೆ, ರಸ್ತೆಯವರೆಗೆ ಕೇಳುವಂತೆ.