ಮಲಗಿಸಿಟ್ಟ ಪಟ್ಟಿ

ಬೀದರ್ ಬಸ್ ನಿಲ್ದಾಣದ ಎದುರಿನ ನನ್ನ ಟೈಪಿಂಗ್ ಅಂಗಡಿಯಲ್ಲಿ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇತ್ತು. ಹೊಸ ಮಷೀನಿಗೆ ನನ್ನ ಹಳೆಯ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಒಗ್ಗಲಿಲ್ಲ. ಅದಕ್ಕೇ ವರ್ಚುವಲ್ ಮಷೀನ್ ಎಂಬುದೊಂದನ್ನು ಹಾಕಿ, ಅದರೊಳಗೆ ಹಳೆಯ ವಿಂಡೋಸ್ ಓಡಿಸುತ್ತಿದ್ದೆ. ಓಡಿಸುವುದೇನು ಬಂತು, ತೆವಳಿಸುತ್ತಿದ್ದೆ. ಅದು ಶುರುವಾಗುವಷ್ಟರಲ್ಲಿ ಹೋಟೆಲಿಗೆ ಹೋಗಿ ಚಹಾ ಕುಡಿದು ಬರಬಹುದಿತ್ತು.

ಆ ಬರಗಾಲದ ವರ್ಷಗಳಲ್ಲಿ ಕರೆಂಟಿಗೆ ಹೊತ್ತು ಗೊತ್ತು ಇರಲಿಲ್ಲ. ಯುಪಿಎಸ್ ಕೂಗಿತೆಂದರೆ ನಮ್ಮ ಸಾಲಿನ ಟೈಪಿಂಗ್ ಅಂಗಡಿಯವರದೆಲ್ಲ ಒಂದೇ ಚಾಳಿ: ಒಳಗಿನ ಮಷೀನನ್ನು ಬಂದ್ ಮಾಡದೆ, ಇದ್ದದ್ದನ್ನು ಇದ್ದ ಹಾಗೇ ಮಲಗಿಸಿಬಿಡುವುದು. ಕರೆಂಟ್ ಬಂದ ಮೇಲೆ ಎಬ್ಬಿಸಿದರೆ ಅರ್ಧ ಬರೆದ ಸಾಲೂ ಅಲ್ಲೇ ಇರುತ್ತಿತ್ತು. ಹೀಗಾಗಿ ಫೈಲಿಗೊಂದು ಹೆಸರಿಟ್ಟು ಉಳಿಸುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು. ಸೋಮಾರಿತನವನ್ನು ಜಾಣತನ ಅಂದುಕೊಂಡಿದ್ದೆ.

ದಸರಾ ಮುಗಿದ ಮೇಲೆ ಔರಾದ್ ಕಡೆಯ ಜನ ಕಟ್ಟಡ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟರು. ಅವರ ಮಕ್ಕಳ ಓದು ನಿಲ್ಲಬಾರದೆಂದು ಭಾಲ್ಕಿಯ ಟೀಚರ್ ಒಬ್ಬರು ಔರಾದಿನಲ್ಲಿ ಆರು ತಿಂಗಳ ಹಾಸ್ಟೆಲ್ ನಡೆಸುತ್ತಿದ್ದರು. ಯಾವ ಮೇಸ್ತ್ರಿಯ ಕೈಕೆಳಗೆ ಕೆಲಸ ಎಂಬುದು ಜನರಿಗೆ ಬೀದರಿಗೆ ಬಂದ ಮೇಲೆಯೇ ತಿಳಿಯುತ್ತಿತ್ತು. ಆದ್ದರಿಂದ ತಂದೆ ತಾಯಿ ಬಸ್ ಹತ್ತುವ ಮೊದಲು ನನ್ನ ಅಂಗಡಿಗೆ ಬಂದು ಮಗುವಿನ ಹೆಸರು, ಮೇಸ್ತ್ರಿಯ ಫೋನ್ ನಂಬರ್ ಹೇಳುವುದು, ನಾನು ಪಟ್ಟಿ ಮಾಡುವುದು ಎಂದು ಟೀಚರ್ ಗೊತ್ತುಮಾಡಿದ್ದರು. ಬಂದವರು ತಲೆಯ ಮೇಲಿನ ಗಂಟು ಇಳಿಸದೆ ನಿಂತೇ ಹೇಳುತ್ತಿದ್ದರು. ಒಬ್ಬಾಕೆ ಮಾತ್ರ ನಂಬರನ್ನು ನನ್ನಿಂದ ಎರಡು ಸಲ ಓದಿಸಿದಳು.

"ಕಾಗದದ ಮ್ಯಾಲೂ ಬರ್ಕೋರಿ ಅಣ್ಣಾ," ಎಂದಳು.

"ಕಾಗದ ಹರೀತದವ್ವ, ಇದು ಹರಿಯಂಗಿಲ್ಲ," ಎಂದು ನಾನು ದೊಡ್ಡಸ್ತಿಕೆ ಮಾಡಿದೆ.

ಇತ್ತ ಆ ವರ್ಚುವಲ್ ಮಷೀನಿನ ಸಾಫ್ಟ್‌ವೇರ್ ತನ್ನನ್ನು ಅಪ್‌ಡೇಟ್ ಮಾಡು ಎಂದು ವಾರದಿಂದ ನನ್ನ ಜೀವ ತಿನ್ನುತ್ತಿತ್ತು. ಒಂದು ದಿನ ಸಿಟ್ಟಿಗೆದ್ದು, ಹಾಳಾಗಿ ಹೋಗಲಿ ಎಂದು ಒತ್ತಿದೆ. ಹಾಳಾಗಿಯೇ ಹೋಯಿತು. ಮಧ್ಯಾಹ್ನ ಪೂರ್ತಿ ಕಾದು ಹೊಸದನ್ನು ಇಳಿಸಿಕೊಂಡ ಮೇಲೆ, ಮಲಗಿಸಿದ್ದ ಮಷೀನ್ ಏಳಲೊಲ್ಲದು. ಮಲಗಿಸಿದ್ದು ಹಳೆಯ ವರ್ಷನ್, ಎಬ್ಬಿಸಲು ಬಂದದ್ದು ಹೊಸದು. ಒಂದರ ಗುರುತು ಇನ್ನೊಂದಕ್ಕೆ ಹತ್ತಲಿಲ್ಲ. ಎಷ್ಟು ಸಲ ಒತ್ತಿದರೂ ಅದೇ ಕೆಂಪು ಗುರುತು. ಅರ್ಜಿ ಬರೆಸಲು ಬಂದವರು ಬಾಗಿಲಲ್ಲಿ ಗೊಣಗುತ್ತಿದ್ದರು. ತಲೆ ಕೆಟ್ಟು, ಮಲಗಿಸಿದಾಗ ಉಳಿಸಿಟ್ಟ ಸ್ಥಿತಿಯನ್ನು ತೆಗೆದುಹಾಕಲೇ ಎಂದು ಅದು ಕೇಳಿದ್ದಕ್ಕೆ ಹೂಂ ಎಂದೆ. ಹಳೆಯ ವಿಂಡೋಸ್ ಏನೂ ಆಗದವರಂತೆ ಎದ್ದು ಕುಳಿತಿತು. ಹೆಸರಿಟ್ಟು ಉಳಿಸದೆ ಅದರೊಳಗೆ ತೆರೆದಿಟ್ಟಿದ್ದ ಮಕ್ಕಳ ಪಟ್ಟಿ ಮಾತ್ರ ಇರಲಿಲ್ಲ.

ಬೀದರ್ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗೆಳೆಯನಿಗೆ ಫೋನ್ ಹಚ್ಚಿದೆ.

"ಹಳೇ ವರ್ಷನ್ ತಿರುಗಿ ಹಾಕಿದ್ರ ಎಲ್ಲಾ ಬರ್ತಿತ್ತಲ್ಲೋ ಮಾರಾಯ. ಅದ್ಯಾಕ ಒತ್ತಿದಿ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಟೀಚರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಆ ನಂಬರುಗಳು ಯಾರಿಗೆ ಬೇಕಾದಾವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾಲ್ಕನೆಯ ದಿನಕ್ಕೆ ಬೇಕಾದವು. ಎರಡು ಸಲ ನಂಬರ್ ಓದಿಸಿದ್ದಳಲ್ಲ, ಆಕೆಯ ಮಗಳಿಗೆ ಟೈಫಾಯ್ಡ್. ಟೀಚರ್ ಹುಡುಗಿಯನ್ನು ಬೀದರಿನ ಆಸ್ಪತ್ರೆಗೆ ಸೇರಿಸಿ ನೇರ ನನ್ನ ಅಂಗಡಿಗೆ ಬಂದರು.

"ಆ ಹುಡುಗಿ ಅವ್ವ ಇರೋ ಮೇಸ್ತ್ರಿ ನಂಬರ್ ಕೊಡ್ರಿ, ಜಲ್ದಿ."

ಆದದ್ದನ್ನು ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. "ಹುಡುಗಿ ಮುಂದ ಹೇಳಬ್ಯಾಡ್ರಿ, ಅಂಜತದ," ಎಂದಷ್ಟೇ ಹೇಳಿ ಕುರ್ಚಿಯ ಮೇಲೆ ಕುಳಿತರು. ಇಬ್ಬರೂ ಸೇರಿ ಗೊತ್ತಿದ್ದ ಕಡೆಗೆಲ್ಲ ಫೋನ್ ಮಾಡಿದೆವು. ಹುಡುಗಿಯ ಊರಿನಲ್ಲಿ ಅವರ ಓಣಿಗೆ ಓಣಿಯೇ ಬೀಗ ಹಾಕಿಕೊಂಡು ಹೋಗಿತ್ತು. ಟೀಚರ್ ಉಳಿದ ಮಕ್ಕಳನ್ನು ನೋಡಲು ಔರಾದಿಗೆ ಮರಳಬೇಕಿತ್ತು. ಅಂಗಡಿ ಮುಚ್ಚಿ ಆಸ್ಪತ್ರೆಯಲ್ಲಿ ನಾನು ಕುಳಿತೆ.

ಮೂರನೇ ತರಗತಿಯ ಹುಡುಗಿ. "ಅವ್ವಗ ಫೋನ್ ಹಚ್ಚಿದ್ರೇನ್ರಿ ಕಾಕಾ?" ಎಂದು ದಿನಾ ಕೇಳುತ್ತಿದ್ದಳು. ನಾನು ಆಕೆಯ ಎದುರಿಗೇ ಏನೋ ನಾಲ್ಕು ಅಂಕಿ ಒತ್ತಿ, ಫೋನನ್ನು ಕಿವಿಗೆ ಹಿಡಿದು, "ಹೇಳೀನವ್ವ, ಬರ್ತಾಳ," ಎನ್ನುತ್ತಿದ್ದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಎನಿಸುತ್ತಿತ್ತು. ಹುಡುಗಿ ಗಂಜಿಯ ಬಟ್ಟಲನ್ನು ಮುಟ್ಟುತ್ತಿರಲಿಲ್ಲ. ನರ್ಸ್ ಬೈದರೂ ಬಾಯಿ ತೆರೆಯುತ್ತಿರಲಿಲ್ಲ.

ಮೂರನೆಯ ದಿನ ನಾನು ಫೋನ್ ತೆಗೆದಾಗ, "ಬ್ಯಾಡ್ರಿ," ಎಂದು ಗೋಡೆಯ ಕಡೆ ಹೊರಳಿದಳು.

"ಯಾಕವ್ವ?"

"ಬರೋಳಾಗಿದ್ರ ಇಷ್ಟೊತ್ತಿಗೆ ಬರ್ತಿದ್ಲು."

ನನ್ನಿಂದ ತಡೆಯಲಾಗಲಿಲ್ಲ. "ಅವ್ವಗ ನಾ ಫೋನ್ ಹಚ್ಚೇ ಇಲ್ಲ. ನಂಬರ್ ನನ್ನ ಕೈಲೇ ಕಳೀತು. ಇಷ್ಟು ದಿನ ನಿನಗ ಸುಳ್ಳು ಹೇಳೀನಿ," ಎಂದುಬಿಟ್ಟೆ. ಅಳುತ್ತಾಳೆ, ಚೀರುತ್ತಾಳೆ ಎಂದುಕೊಂಡೆ.

ಆಕೆ ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಖರೇನೇನ್ರಿ ಕಾಕಾ? ಅವ್ವಗ ಗೊತ್ತೇ ಇಲ್ಲೇನ್ರಿ?"

"ಇಲ್ಲವ್ವ."

ಹುಡುಗಿ ಎದ್ದು ಕುಳಿತು, ಗಂಜಿಗೆ ಕೈ ಚಾಚಿದಳು.