ನಾಯಿಯೊಡನೆ ಓಡುವ ಆದಪ್ಪ
ಗೊರೇಬಾಳದ ಆದಪ್ಪನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗುಡ್ಡಗಾಡು ಓಟದ ಹುಚ್ಚು ಹಿಡಿದಿದೆ. ಸಿಂಧನೂರಿನ ಯುವಕರು ಏರ್ಪಡಿಸುವ ಈ ಓಟದಲ್ಲಿ ಗುಡ್ಡವೊಂದೂ ಇಲ್ಲ, ಇರುವುದೆಲ್ಲ ಗದ್ದೆಯ ಬದು. ಸಾಕುನಾಯಿಯನ್ನು ಎತ್ತಿಕೊಳ್ಳದೆ, ಜೊತೆಯಲ್ಲೇ ಓಡಿಸಿಕೊಂಡು ಒಂದು ತಾಸಿನೊಳಗೆ ಗೆರೆ ದಾಟಬೇಕು. ಆದಪ್ಪ ಮೂರು ವರ್ಷ ಸೋತಿದ್ದಾನೆ. ಅವನ ರಾಮ್ಯಾ ಬೆಕ್ಕಿಗಿಂತ ತುಸು ದೊಡ್ಡ ನಾಯಿ. ಕಾಲುವೆ ಕಂಡರೆ ಕುಳಿತುಬಿಡುತ್ತದೆ. ಅದಕ್ಕೆ ಅವನು ಎತ್ತಿಗೆ ಇಡುವಂತೆ ನೆನೆಸಿದ ಹುರುಳಿ ಇಡುತ್ತಾನೆ, ಕಾಲಿಗೆ ಎಣ್ಣೆ ತಿಕ್ಕುತ್ತಾನೆ, ಕೊರಳಿಗೆ ಗಂಟೆ ಕಟ್ಟಿ ಬೆಳಗಾಗುತ್ತಲೇ ಬದು ಹಿಡಿಯುತ್ತಾನೆ. "ಅದರ ಹೆಗಲಿಗೆ ನೊಗಾನೂ ಹೇರ್ರಿ, ಗದ್ದಿ ಹೊಡದು ಬರ್ತೈತಿ" ಎಂದು ಹೆಂಡತಿ ಅಮರಮ್ಮ ಹಂಗಿಸುತ್ತಾಳೆ. "ಈ ವರ್ಷ ದಾಟ್ತೀವಿ, ನೋಡ್ಕೋಂತ ಇರು" ಎನ್ನುತ್ತಾನೆ. ಆ ಗಂಟೆ, ಟ್ರ್ಯಾಕ್ಟರ್ ತಂದ ವರ್ಷ ಅವನು ಸಂತೆಗೆ ಹೊಡೆದು ಮಾರಿದ ಜೋಡಿಯಲ್ಲಿ ಎಡಗಡೆಯ ಎತ್ತಿನದು. ಈ ಸಲ ಇಬ್ಬರೂ ಮೈಯೆಲ್ಲ ಕೆಸರಾಗಿ ಐವತ್ತೆಂಟನೆಯ ನಿಮಿಷಕ್ಕೆ ಗೆರೆ ದಾಟಿದರು. ಗೆರೆಯ ಬಳಿ ಗಡಿಯಾರ ಹಿಡಿದಿದ್ದ, ಊರ ಶಾಲೆಯ ಅಕ್ಕೋರಾದ ನಾನು, "ನಾಯಿನ ಯಾವಾಗ್ಲೂ ಎಡಗಡೆನ ಯಾಕ ಓಡಸ್ತೀಯಪ್ಪಾ?" ಎಂದು ಕೇಳಿದೆ. ಆದಪ್ಪ ಮೊದಲು ಅದಕ್ಕೆ ನೀರಿಟ್ಟ. ಆಮೇಲೆ, "ಬಲಗಡೆ ನಾ ಅದೀನಲ್ರೀ ಅಕ್ಕೋರ" ಎಂದ.